ಚಮನಬಿಯವರ ಮೊಣಕಾಲು

ಬೆಳಕು ಹರಿಯುವಷ್ಟರಲ್ಲೇ ಬ್ಯಾಡಗಿಯ ಈ ಓಣಿಯಲ್ಲಿ ಮೆಣಸಿನಕಾಯಿ ಘಾಟು ಮೂಗಿಗೆ ಬಡಿಯುತ್ತದೆ. ಚಮನಬಿ ಪಡಸಾಲೆ ಒರೆಸಿ, ಕೌದಿ ಹಾಸಿ, ಬಾಗಿಲಲ್ಲಿ ನಿಂತು ಬರುವ ಕೂಸುಗಳನ್ನೆಲ್ಲ ಪೊಲೀಸರಂತೆ ತಪಾಸಣೆ ಮಾಡುತ್ತಾರೆ. ಮೈ ಬೆಚ್ಚಗಿದೆಯೇ, ತಾಯಿ ಹೇಳುವುದು ನಿಜವೇ? ತಾಯಂದಿರ ಮಾತನ್ನು ಅವರು ಒಂದೇ ಏಟಿಗೆ ನಂಬಿದ್ದನ್ನು ಯಾರೂ ಕಂಡಿಲ್ಲ.

"ನಿನ್ನೆ ಎದ್ದು ನಿಂತಿದ್ದ ಅಂತಾರ. ನಾ ನೋಡೂತನಕಾ ನಿಂತಿಲ್ಲ ಅಂತನ ತಿಳೀರಿ," ಎನ್ನುತ್ತಾರೆ.

ಅವರೂ ಒಂದು ಕಾಲಕ್ಕೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದವರೇ. ದಮ್ಮು ಹತ್ತಿ ಮನೆ ಹಿಡಿದಾಗ ಜೊತೆಗಾರ್ತಿಯರು ಕೂಸುಗಳನ್ನು ಇವರಲ್ಲಿ ಬಿಟ್ಟುಹೋಗತೊಡಗಿದರು. ಈಗ ಸುಗ್ಗಿಯಲ್ಲಿ ಹತ್ತು ಹನ್ನೆರಡು ಕೂಸುಗಳು, ಕೈನೆರವಿಗೆ ಸೊಸೆ ಬೇನಜೀರ.

ತೊಟ್ಟು ಬಿಡಿಸುವಲ್ಲಿ ಒಂದು ರೂಢಿಯಿದೆ. ಕೂಸು ಬೀಳದಿರಲೆಂದು ಎರಡು ತುಂಬಿದ ಚೀಲಗಳ ನಡುವೆ ಕೂಡಿಸುತ್ತಾರೆ. ಅದು ಸಾಹುಕಾರನಂತೆ ಕೂರುತ್ತದೆ, ತಾಯಿ ಬೀಗುತ್ತಾಳೆ. ಚಮನಬಿಗೆ ಇದು ಸುತರಾಂ ಸೇರದು. "ಚೀಲ ಕುಂತೈತಿ, ಕೂಸು ಕುಂತಿಲ್ರಿ. ವಾಲಬೇಕು, ಕೈ ಊರಬೇಕು, ಒಂದೀಟ ಬೀಳಬೇಕು. ಅಂದ್ರನ ನಡಾ ಗಟ್ಟಿ ಆಗತೈತಿ."

ಈ ಸಲ ಅವರ ನಿದ್ದೆ ಕೆಡಿಸಿದವನು ಮೈಲೇಶ, ಮೋಟೆಬೆನ್ನೂರಿನಿಂದ ಬರುವ ನಾಗಲಕ್ಷ್ಮಿಯ ಮಗ. ಹತ್ತು ತಿಂಗಳಾದರೂ ಆಸರೆ ಬಿಟ್ಟರೆ ಮಗ್ಗುಲಿಗೆ ವಾಲಿ ಬೀಳುತ್ತಾನೆ. ನೆಲದ ಮೇಲೆ ಆಡಲು ಬಿಡಿ, ತಿಂಗಳಲ್ಲಿ ಕೂರದಿದ್ದರೆ ಹುಬ್ಬಳ್ಳಿಯಲ್ಲಿ ತೋರಿಸೋಣ ಎಂದಿದ್ದಾರೆ ಡಾಕ್ಟರು.

ನಾಗಲಕ್ಷ್ಮಿಗೆ ಚಮನಬಿಯವರ ಮೇಲೇ ಗುಮಾನಿ. ಎರಡು ತಿಂಗಳ ಹಿಂದೆ, ಕೂಸು ಆಗಷ್ಟೇ ಕೂರಲು ಹವಣಿಸುತ್ತಿದ್ದಾಗ, ಇದೇ ಪಡಸಾಲೆಯಲ್ಲಿ ಹಣೆ ಬುಗುಟೆದ್ದಿತ್ತು. "ಆಯಿ, ಖರೇ ಹೇಳ್ರಿ, ಕೆಡವೀರೇನು?"

"ಅವನ ಬಿದ್ದಾನವ್ವ."

"ಇನ್ನೊಮ್ಮಿ ಹಿಂಗಾದ್ರ ಕಳಸಂಗಿಲ್ಲ ನೋಡ್ರಿ."

ಚಮನಬಿ ಬಿಡುವವರೇ? ನಾಗಲಕ್ಷ್ಮಿಯ ಅತ್ತೆ ಗುಡ್ಡವ್ವ ಮನೆಯಲ್ಲಿ ಕೂಸನ್ನು ಗುಟ್ಟಾಗಿ ಚೀಲಕ್ಕೆ ಆನಿಸುತ್ತಾಳೆಂದು ಇವರ ಸಂಶಯ. ಕಳೆದ ಭಾನುವಾರ ಸೊಸೆಯೊಂದಿಗೆ ಬಸ್ಸು ಹತ್ತಿ, ಹೇಳದೆ ಕೇಳದೆ ಮೋಟೆಬೆನ್ನೂರಿಗೇ ಹೋದರು. ಅಲ್ಲಿ ಚೀಲವೂ ಇಲ್ಲ, ದಿಂಬೂ ಇಲ್ಲ. ಕೂಸು ಬರಿಯ ಚಾಪೆಯ ಮೇಲೆ ಬೋರಲಾಗಿ ಆಡುತ್ತಿತ್ತು. ಗುಡ್ಡವ್ವ ಕೊಟ್ಟ ಚಹಾ ಕುಡಿದು ಪೆಚ್ಚಾಗಿ ಎದ್ದುಬಂದರು.

ಬಸ್ಸಿನಲ್ಲಿ ಬೇನಜೀರ ಅಳುಕುತ್ತಲೇ ಹೇಳಿದಳು: "ಅಮ್ಮಾ, ಬುಗುಟೆದ್ದಾಗಿಂದ ಅವನ ಬೆನ್ನಿಗೆ ನೀವ ಮೊಣಕಾಲ ಕೊಟ್ಟು ಕುಂದರ್ತೀರಿ. ದಿನಾ ನೋಡಾಕತ್ತೇನಿ."

ಚಮನಬಿ ಮೊದಲು ಸಿಟ್ಟಾದರು. ಆಮೇಲೆ ಬ್ಯಾಡಗಿ ಬರುವವರೆಗೂ ತಮ್ಮ ಮೊಣಕಾಲನ್ನೇ ನೋಡುತ್ತ ಕೂತರು. ಮತ್ತೆ ಬಿದ್ದರೆ ಕೂಸೂ ಕೈತಪ್ಪುತ್ತದೆ, ಹೆಸರೂ ಹೋಗುತ್ತದೆ ಎಂಬ ಹೆದರಿಕೆ ಅವರಿಗೆ ತಿಳಿಯದಂತೆ ಕಾಲಿಗೆ ಇಳಿದಿತ್ತು.

ಇಂದು ಬೆಳಿಗ್ಗೆ ಅದನ್ನು ನಾಗಲಕ್ಷ್ಮಿಗೆ ಬಿಚ್ಚಿ ಹೇಳಿದ್ದಾರೆ. ಅವಳು ಕೆಲಸಕ್ಕೆ ಹೋಗದೆ ಬಾಗಿಲಲ್ಲೇ ಹುಬ್ಬುಗಂಟಿಕ್ಕಿ ನಿಂತಿದ್ದಾಳೆ. ಕೌದಿಯ ನಡುವೆ ಮೈಲೇಶ. ಚಮನಬಿ ಮಾರು ದೂರದಲ್ಲಿ. ಕೂಸು ವಾಲಿ ಬೀಳುತ್ತದೆ, ಕಿರುಚುತ್ತದೆ. ತಾಯಿ ಮುನ್ನುಗ್ಗಿದರೆ ಚಮನಬಿ ಕೈ ಅಡ್ಡ ಹಿಡಿಯುತ್ತಾರೆ. ಎತ್ತಿ ಕೂಡಿಸಿ ಮತ್ತೆ ಹಿಂದೆ ಸರಿಯುತ್ತಾರೆ. ಈ ಸಲ ವಾಲಿದ ಕೂಸು ಅಂಗೈ ನೆಲಕ್ಕೆ ಊರುತ್ತದೆ, ತಡೆಯುತ್ತದೆ, ತೂಗಾಡುತ್ತಲೇ ನೆಟ್ಟಗಾಗುತ್ತದೆ.

ನಾಗಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಸಂಶಯ ಮಾತ್ರ ಪೂರ್ತಿ ಹೋಗಿಲ್ಲ. "ನಾಳೆನೂ ಕರ್ಕೊಂಡ ಬರ್ತೇನಿ ಆಯಿ. ಆದರ ಒಂದೀಟ ನಿಂತು ನೋಡಿನ ಹೋಗಾಕಿ."

"ನಿಂದ್ರು ಮಗಳ," ಎನ್ನುತ್ತಾರೆ ಚಮನಬಿ. "ಅವನ್ನ ನಾ ನೋಡ್ಕೋತೇನಿ. ನೀ ನನ್ನ ಮೊಣಕಾಲ ಮ್ಯಾಲ ಒಂದು ಕಣ್ಣಿಡು."