ಜಾಡಿ ಮೇಷ್ಟ್ರು ಒಪ್ಪಿಕೊಂಡ ತಪ್ಪು

ರೋಗಶಾಸ್ತ್ರದ ಚರಿತ್ರೆ ಬರೆಯುವವರು ರೋಗ ಕಂಡುಹಿಡಿದವರ ಹೆಸರನ್ನು ಬರೆಯುತ್ತಾರೆ, ಅದಕ್ಕೆ ಮದ್ದು ಕಂಡುಹಿಡಿದವರ ಹೆಸರನ್ನೂ ಬರೆಯುತ್ತಾರೆ. ಆದರೆ ರೋಗ ತಿಂದು ಬಿಟ್ಟ ಅಂಗವನ್ನು ಕೊಳೆಯದಂತೆ, ಬಣ್ಣಗೆಡದಂತೆ ಗಾಜಿನ ಜಾಡಿಯಲ್ಲಿ ಕಾಪಾಡಿ, ಮುಂದೆ ವೈದ್ಯರಾಗುವ ಮಕ್ಕಳ ಕಣ್ಣೆದುರು ವರ್ಷವರ್ಷವೂ ಇರಿಸಿದವರ ಹೆಸರು ಯಾವ ಪುಸ್ತಕದಲ್ಲೂ ಬರುವುದಿಲ್ಲ. ನಮ್ಮ ವೈದ್ಯಕೀಯ ಕಾಲೇಜಿನ ಸಂಗ್ರಹಾಲಯದಲ್ಲಿ ಮೂವತ್ತಾರು ವರ್ಷ ಈ ಕೆಲಸ ಮಾಡಿ, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಜಾಡಿ ಮೇಷ್ಟ್ರು ಅಂಥವರಲ್ಲಿ ಒಬ್ಬರು. ಕಾಲೇಜಿನ ಕಾಗದಪತ್ರಗಳಲ್ಲಿ ಅವರು ಮೇಷ್ಟ್ರೂ ಅಲ್ಲ, ಪ್ರಾಧ್ಯಾಪಕರೂ ಅಲ್ಲ. ಸಹಾಯಕರ ಸಾಲಿನಲ್ಲಿ ಅವರ ಹುದ್ದೆ. ಮೇಷ್ಟ್ರು ಎಂಬ ಪದವಿಯನ್ನು ಅವರಿಗೆ ಕೊಟ್ಟವರು ವಿದ್ಯಾರ್ಥಿಗಳು. ಅದನ್ನು ಕಿತ್ತುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ.

ಅವರು ಕೆಲಸಕ್ಕೆ ಸೇರಿದ್ದು ಜಾಡಿ ತೊಳೆಯುವುದಕ್ಕೆ. ಮೊದಲ ದಿನ ಸಂಜೆ ಮನೆಗೆ ಹೋದಾಗ ಹೊಸದಾಗಿ ಮದುವೆಯಾಗಿದ್ದ ಹೆಂಡತಿ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ನಿಂತರಂತೆ.

"ಇದೇನ್ರೀ ವಾಸನೆ! ಎಲ್ಲಿ ಬಿದ್ದು ಎದ್ದು ಬಂದ್ರಿ?"

"ಬೀಳಲಿಲ್ಲ ಮಾರಾಯ್ತಿ, ಕೆಲಸಕ್ಕೆ ಸೇರ್ದೆ."

"ಏನು ಕೆಲಸ?"

"ಕಾವಲು. ಸತ್ತೋರಿಗೆ."

"ಅವರೇನು ಗೋಡೆ ಹಾರಿ ಓಡಿಹೋಗ್ತಾರಾ?"

ಈ ಮಾತನ್ನು ಮೇಷ್ಟ್ರು ಮೂವತ್ತಾರು ವರ್ಷವೂ ನಗುತ್ತಲೇ ಹೇಳಿದ್ದಾರೆ. ಆ ತಾಯಿ ಅಂದಿನಿಂದ ಇಂದಿನವರೆಗೆ ಗಂಡನ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಾರೆ, ಗಂಡನನ್ನು ಮಾತ್ರ ಒಂದು ದಿನವೂ ಬೇರೆ ಇಟ್ಟವರಲ್ಲ.

ಸಂಗ್ರಹಾಲಯವೆಂದರೆ ಎರಡನೆಯ ಮಹಡಿಯ ಉದ್ದನೆಯ ಒಂದು ಹಜಾರ. ಬಿಸಿಲು ಬಿದ್ದರೆ ಒಳಗಿನ ಮಾಂಸ ಬಿಳಿಚಿಕೊಳ್ಳುತ್ತದೆಂದು ಕಿಟಕಿಗಳಿಗೆ ದಪ್ಪ ಹಸಿರು ಪರದೆ. ಗೋಡೆಯುದ್ದಕ್ಕೂ ಮರದ ಕಪಾಟು, ಕಪಾಟಿನಲ್ಲಿ ಜಾಡಿ. ಮೊಳೆ ಹೊಕ್ಕ ತಲೆಬುರುಡೆ, ಕೋಳಿಮೊಟ್ಟೆಯಷ್ಟು ದೊಡ್ಡದಾದ ಮೂತ್ರಕೋಶದ ಕಲ್ಲು, ಮುರಿದು ಅಡ್ಡಾದಿಡ್ಡಿ ಕೂಡಿಕೊಂಡ ತೊಡೆಯ ಮೂಳೆ, ಕುಡಿತದಿಂದ ಗಂಟುಗಂಟಾದ ಪಿತ್ತಜನಕಾಂಗ, ಒಂದೇ ಮೈಗೆ ಎರಡು ತಲೆ ಹೊತ್ತು ಹುಟ್ಟಿ ಉಸಿರಾಡದೆ ಹೋದ ಕೂಸು. ಬಾಗಿಲ ಪಕ್ಕದ ಸೆಳೆಖಾನೆಯಲ್ಲಿ, ಜನ ನುಂಗಿ ವೈದ್ಯರು ಹೊರತೆಗೆದ ಸಾಮಾನುಗಳು: ಗುಂಡಿ, ಪಿನ್ನು, ಬೀಗದ ಕೈ, ಅರ್ಧ ಸೆಟ್ಟು ಕಟ್ಟುಹಲ್ಲು. ಒಂದು ತಗಡಿನ ಸೀಟಿಯೂ ಇದೆ. ಅದು ಒಂದು ಮಗುವಿನ ಶ್ವಾಸನಾಳಕ್ಕೆ ಇಳಿದು, ಆ ಮಗು ಅತ್ತಾಗಲೆಲ್ಲ ಎದೆಯೊಳಗಿಂದ ಸೀಟಿ ಕೇಳುತ್ತಿತ್ತಂತೆ. "ಅವನೀಗ ಬಸ್ ಕಂಡಕ್ಟರು. ಊದಿದ್ದು ಸಾಲಲಿಲ್ಲ ಅಂತ ಕಾಣತ್ತೆ" ಎಂದು ಮೇಷ್ಟ್ರು ಪ್ರತಿ ತಂಡಕ್ಕೂ ಹೇಳುವರು. ಹೆದರಿ ಬೆವತು ನಿಂತ ಮಕ್ಕಳು ಅಲ್ಲಿ ಒಮ್ಮೆ ನಕ್ಕರೆ ಮುಂದಿನ ಕಪಾಟಿಗೆ ಹೋಗುವ ಧೈರ್ಯ ಬರುತ್ತದೆ ಎಂಬುದು ಅವರ ಅನುಭವ. ಆದರೂ ತಲೆ ಸುತ್ತಿದವರಿಗೆಂದು ಬಾಗಿಲ ಬಳಿ ಒಂದು ಸ್ಟೂಲು, ಒಂದು ತಂಬಿಗೆ ನೀರು ಸದಾ ಇರುತ್ತಿತ್ತು. ಇಂದು ದೊಡ್ಡ ಶಸ್ತ್ರವೈದ್ಯರಾಗಿರುವ ಹಲವರು ಆ ಸ್ಟೂಲಿನ ಮೇಲೆ ಕುಳಿತೆದ್ದವರೇ.

ನಗುವಿಗೂ ಅವರಲ್ಲಿ ಒಂದು ಗೆರೆ ಇತ್ತು. ಎರಡು ತಲೆಯ ಕೂಸಿನ ಮುಂದೆ ಒಬ್ಬ ವಿದ್ಯಾರ್ಥಿ, "ಇವನಿಗೆ ಎರಡೆರಡು ಟೋಪಿ ಬೇಕಾಗ್ತಿತ್ತಲ್ಲೋ" ಎಂದು ಗೆಳೆಯನಿಗೆ ಪಿಸುಗುಟ್ಟಿದ. ಮೇಷ್ಟ್ರು ಗದರಲಿಲ್ಲ. "ಇವರಮ್ಮ ಇದೇ ಊರಲ್ಲಿದಾರಪ್ಪ. ಸ್ವೆಟರ್ ಹೆಣೀತಾರೆ" ಎಂದಷ್ಟೇ ಹೇಳಿ ಮುಂದಿನ ಜಾಡಿಗೆ ನಡೆದರು. ಆ ಹುಡುಗ ಮಾರನೆಯ ದಿನ ಒಬ್ಬನೇ ಬಂದು ಆ ಕಪಾಟಿನ ಮುಂದೆ ಬಹಳ ಹೊತ್ತು ನಿಂತಿದ್ದನಂತೆ.

ಇದು ಅವರ ಕ್ರಮ. ಚೀಟಿಯ ಮೇಲೆ ರೋಗದ ಹೆಸರಿರುತ್ತದೆ. ಅವರು ಮೊದಲು ಹೇಳುತ್ತಿದ್ದುದು ಮನುಷ್ಯನ ಕಸುಬು. "ಇವರು ದರ್ಜಿ, ಐವತ್ತೆರಡು ವರ್ಷ. ಇವರು ಎರಡು ಹೆಣ್ಣುಮಕ್ಕಳ ತಾಯಿ, ಪಾಠ ಹೇಳ್ತಿದ್ರು." ಆಮೇಲೆ ರೋಗ. ಕಸುಬು ಗೊತ್ತಿಲ್ಲದಿದ್ದರೆ "ಇವರು ಯಾರೋ ತಿಳೀದು" ಎಂದು ಅದನ್ನೂ ಹೇಳಿಯೇ ಹೇಳುವರು.

ಇಷ್ಟು ಗೌರವದಿಂದ ನಡೆದವರ ಕೈಯಿಂದಲೇ ಒಂದು ದೊಡ್ಡ ತಪ್ಪಾಯಿತು. ಅಭಿನಂದನ ಗ್ರಂಥದಲ್ಲಿ ತಪ್ಪನ್ನು ಬರೆಯುವುದು ರೂಢಿಯಲ್ಲ. ಆದರೆ ಅದನ್ನು ಬಿಟ್ಟರೆ ಮೇಷ್ಟ್ರನ್ನೇ ಬಿಟ್ಟಂತೆ. ಬರೆಯಬೇಕೆಂದು ಅವರೇ ಕೇಳಿಕೊಂಡಿದ್ದಾರೆ.

ಪ್ರತಿಯೊಂದು ಜಾಡಿಗೂ ಎರಡು ಗುರುತು. ಹೊರಗೆ ಅಂಟಿಸಿದ ಚೀಟಿ ಒಂದು. ಅಂಗದ ಬೆನ್ನಿಗೆ ದಾರದಿಂದ ಹೊಲಿದ, ಪೆನ್ಸಿಲಿನಲ್ಲಿ ಸಂಖ್ಯೆ ಬರೆದ ಒಳಚೀಟಿ ಇನ್ನೊಂದು. ಜಾಡಿಯ ದ್ರವ ಬದಲಿಸುವಾಗ ಹೊರಚೀಟಿ ನೆನೆದು ಕಳಚಿಕೊಳ್ಳುತ್ತದೆ. ಒಳಚೀಟಿ ನೋಡಿ ಹೊಸದನ್ನು ಅಂಟಿಸಬೇಕೆಂಬುದು ನಿಯಮ. ಒಳಚೀಟಿ ನೋಡಬೇಕಾದರೆ ಅಂಗವನ್ನು ಹೊರಗೆತ್ತಿ ಹೊರಳಿಸಬೇಕು. ಹದಿನಾರು ವರ್ಷ ಅದನ್ನೇ ಮಾಡಿದ ಮೇಲೆ ಮೇಷ್ಟ್ರಿಗೆ ಒಂದು ಸಣ್ಣ ಜಂಬ ಬಂದಿತ್ತು. "ನಂಗೆ ಚೀಟಿ ಯಾಕೆ? ಮುಖ ನೋಡಿದ್ರೆ ಗೊತ್ತಾಗತ್ತೆ ಯಾರು ಅಂತ" ಎನ್ನುತ್ತಿದ್ದರು. ಆ ವರ್ಷ ದ್ರವ ಬದಲಿಸುವಾಗ ಮೇಜಿನ ಮೇಲೆ ಎರಡು ಶ್ವಾಸಕೋಶಗಳಿದ್ದವು. ಎರಡೂ ಕಲ್ಲಿನ ದೂಳು ಕುಡಿದು ಕಪ್ಪಾಗಿ, ಗಟ್ಟಿಯಾಗಿ, ಕತ್ತಿ ತಾಗಿಸಿದರೆ ಮರಳು ಉಜ್ಜಿದಂತೆ ಸದ್ದು ಮಾಡುವಂಥವು. ಮೇಷ್ಟ್ರು ಮುಖ ನೋಡಿ ಚೀಟಿ ಅಂಟಿಸಿದರು.

ಎರಡರಲ್ಲಿ ಒಂದು, ಕಲ್ಲು ನಯಗೊಳಿಸುವ ಕಾರ್ಖಾನೆಯಲ್ಲಿ ದುಡಿದು ನಲವತ್ತೊಂದನೆಯ ವಯಸ್ಸಿಗೆ ಉಸಿರು ಸಾಲದೆ ಸತ್ತವರದು. ಅವರ ಹೆಂಡತಿ ಕಾಲೇಜಿನ ಹಿಂದಿನ ಬೀದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದ ಹೆಂಗಸು. ಎಲ್ಲರಿಗೂ ಇಸ್ತ್ರಿ ಅಕ್ಕ. ಗಂಡ ಸತ್ತದ್ದು ಬೀಡಿಯಿಂದ ಎಂದು ಕಾರ್ಖಾನೆಯವರು ಹೇಳಿದಾಗ, "ಬೀಡಿ ಮುಟ್ಟಿದೋರಲ್ಲ ಅವರು. ಕೊಯ್ದು ನೋಡಿ" ಎಂದು ಸವಾಲು ಹಾಕಿದವರು ಆಕೆ. ಕೊಯ್ದು ನೋಡಿದ ವೈದ್ಯರಿಗೆ ಸತ್ಯ ತಿಳಿಯಿತು. ಅವರೊಂದಿಗೆ ದುಡಿಯುತ್ತಿದ್ದ ಇನ್ನಿಬ್ಬರು ಕೆಮ್ಮುತ್ತಿದ್ದರಾದ್ದರಿಂದ, ಮುಂದಿನ ವೈದ್ಯರು ನೋಡಿ ಕಲಿಯಲೆಂದು ಶ್ವಾಸಕೋಶವನ್ನು ಇಟ್ಟುಕೊಳ್ಳಲು ಆಕೆ ಒಪ್ಪಿದರು. ಒಂದೇ ಷರತ್ತು: ವರ್ಷಕ್ಕೊಮ್ಮೆ, ಅವರು ಹೋದ ದಿನ, ತಾನು ಬಂದು ನೋಡಬೇಕು. "ಬನ್ನಿ ಅಕ್ಕ, ನಾನಿರೋವರೆಗೂ ಬಾಗಿಲು ತೆಗ್ದಿರತ್ತೆ" ಎಂದು ಮೇಷ್ಟ್ರು ಮಾತು ಕೊಟ್ಟರು. ಆ ದಿನ ತರಗತಿಗಳನ್ನು ಅತ್ತಿತ್ತ ಮಾಡಿ ಹಜಾರವನ್ನು ಒಂದು ಗಂಟೆ ಖಾಲಿ ಇಡುವರು. ಆಕೆ ಬಂದು, ಜಾಡಿಯ ಮುಂದೆ ಕೈಮುಗಿದು ನಿಂತು, ಮಗಳ ಓದು, ನೆರೆಯವರ ಜಗಳ, ಕೆಟ್ಟುಹೋದ ಇಸ್ತ್ರಿಪೆಟ್ಟಿಗೆ, ಎಲ್ಲವನ್ನೂ ಸಣ್ಣ ದನಿಯಲ್ಲಿ ಹೇಳಿಕೊಂಡು ಹೋಗುವರು. ಮೇಷ್ಟ್ರು ಆಗ ಹೊರಗೆ ಮೆಟ್ಟಿಲ ಮೇಲೆ ಕುಳಿತಿರುವರು.

ಜಂಬದ ಆ ದಿನದಿಂದ ಏಳು ವರ್ಷದ ಮೇಲೆ ಒಂದು ಜಾಡಿ ಸೋರಿತು. ಅದರೊಳಗಿದ್ದ ಶ್ವಾಸಕೋಶವನ್ನು ಹೊಸ ಜಾಡಿಗೆ ಹಾಕಲು ಎತ್ತಿ ಹೊರಳಿಸಿದಾಗ ಮೇಷ್ಟ್ರ ಕಣ್ಣಿಗೆ ಒಳಚೀಟಿ ಬಿತ್ತು. ಸಂಖ್ಯೆ ಇಸ್ತ್ರಿ ಅಕ್ಕನ ಗಂಡನದಲ್ಲ. ಹಿಂದಿನ ಸಾಲಿನ ಕಪಾಟಿನಿಂದ ಇನ್ನೊಂದನ್ನು ತಂದು ನೋಡಿದರು. ಏಳು ವರ್ಷ ಆಕೆ ಕೈಮುಗಿದದ್ದು, ಯಾರೂ ಹುಡುಕಿಕೊಂಡು ಬಾರದೆ ಶವಾಗಾರದಲ್ಲೇ ಉಳಿದಿದ್ದ, ಹೆಸರು ತಿಳಿಯದ ಒಬ್ಬರಿಗೆ. ಆಕೆಯ ಗಂಡ ಹಿಂದಿನ ಕತ್ತಲೆ ಸಾಲಿನಲ್ಲಿ "ತಿಳಿಯದು" ಎಂಬ ಚೀಟಿ ಹೊತ್ತು ನಿಂತಿದ್ದರು.

ಮೇಷ್ಟ್ರು ವಿಭಾಗದ ಮುಖ್ಯಸ್ಥರ ಬಳಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದರು. ಮುಖ್ಯಸ್ಥರು ಕೆಟ್ಟವರಲ್ಲ, ಮೇಷ್ಟ್ರ ಮೇಲೆ ಪ್ರೀತಿಯಿದ್ದವರು. "ಬಾಗಿಲು ಹಾಕಿ ಚೀಟಿ ಅದಲುಬದಲು ಮಾಡಿ. ಮುಂದಿನ ವರ್ಷ ಅವರು ಸರಿಯಾದ ಜಾಡಿ ಮುಂದೇನೇ ನಿಲ್ತಾರೆ. ಹೇಳಿದ್ರೆ ಆ ಹೆಂಗಸಿಗೂ ಸಂಕಟ, ನಿಮಗೂ ವಿಚಾರಣೆ" ಎಂದರು.

"ಸರ್, ಅವರು ಏಳು ವರ್ಷ ಹೇಳಿಕೊಂಡಿದ್ದು ಅವರ ಯಜಮಾನ್ರಿಗೆ ತಲುಪಲಿಲ್ಲ. ಅದು ಅವರಿಗೆ ಗೊತ್ತಾಗಬೇಡ್ವಾ?"

"ಜಾಡಿಗೆ ಕಿವಿ ಇದೆಯೇನ್ರೀ?"

"ಇಲ್ಲ ಸರ್. ಆದ್ರೆ ಅವರಿಗೆ ನಾಲಿಗೆ ಇದೆಯಲ್ಲ, ಆಡಿದ್ದು ಅವರಲ್ವಾ."

ಚೀಟಿ ಬದಲಿಸುವ ಮೊದಲೇ ಮೇಷ್ಟ್ರು ಇಸ್ತ್ರಿ ಅಂಗಡಿಗೆ ನಡೆದುಹೋದರು. ಆ ಇನ್ನೂರು ಹೆಜ್ಜೆ ತಮ್ಮ ಸೇವೆಯಲ್ಲೇ ಬಹಳ ದೂರದ ದಾರಿ ಎಂದು ಅವರು ಹೇಳುತ್ತಾರೆ. ಇಸ್ತ್ರಿ ಅಕ್ಕ ಒಂದು ಅಂಗಿಯ ಕಾಲರು ತೀಡುತ್ತಿದ್ದರು. ಕೇಳಿ ಮುಗಿಯುವಷ್ಟರಲ್ಲಿ ಆ ಕಾಲರು ಸುಟ್ಟುಹೋಯಿತು.

"ಏಳು ವರ್ಷ! ಏಳು ವರ್ಷ ಯಾರೋ ಗಂಡಸಿನ ಮುಂದೆ ನಿಂತು ಅತ್ತಿದೀನಾ ನಾನು? ಮನೆ ಗುಟ್ಟೆಲ್ಲ ಅವನಿಗೆ ಹೇಳಿದೀನಾ?"

"ತಪ್ಪು ನಂದು ಅಕ್ಕ."

"ನಿಮ್ಮದಲ್ದೆ ಇನ್ನಾರದು, ನನ್ನದಾ? ನಿಮ್ಮನ್ನ ತಮ್ಮ ಅಂದ್ಕೊಂಡಿದ್ನಲ್ಲ! ಇನ್ನು ನಿಮ್ಮನ್ನೂ ನಂಬಲ್ಲ, ನಿಮ್ಮ ಚೀಟೀನೂ ನಂಬಲ್ಲ. ನಮ್ಮೋರನ್ನ ನಮಗೆ ಕೊಟ್ಬಿಡಿ. ಮಣ್ಣಿಗೆ ಸೇರಿಸ್ತೀನಿ."

ಸಂಗ್ರಹಾಲಯದಿಂದ ಅಂಗವೊಂದನ್ನು ಮನೆಯವರಿಗೆ ಹಿಂತಿರುಗಿಸಿದ್ದು ಅದುವರೆಗೆ ಇರಲಿಲ್ಲ. ಒಮ್ಮೆ ಕೊಟ್ಟದ್ದು ಕಾಲೇಜಿನ ಆಸ್ತಿ ಎಂದು ಕಚೇರಿಯವರು ನಿಯಮ ತೋರಿಸಿದರು. ಕಲ್ಲುದೂಳಿನ ರೋಗಕ್ಕೆ ಇಷ್ಟು ಸ್ಪಷ್ಟವಾದ ಮಾದರಿ ಮತ್ತೆ ಸಿಕ್ಕದೆಂದು ಮುಖ್ಯಸ್ಥರೂ ತಲೆಯಾಡಿಸಿದರು. ಸಭೆ ಸೇರಿತು. ಮೇಷ್ಟ್ರನ್ನು ತಪ್ಪಿತಸ್ಥರೆಂದು ಕರೆಸಿದ್ದರು, ಅವರು ಇಸ್ತ್ರಿ ಅಕ್ಕನ ವಕೀಲರಾಗಿ ನಿಂತುಬಿಟ್ಟರು.

"ಏಳು ವರ್ಷದಿಂದ ಇವರ ಶ್ವಾಸಕೋಶ ತೋರಿಸಿ ಯಾರೂ ಪಾಠ ಮಾಡಿಲ್ಲ ಸ್ವಾಮಿ. ಅದು ಹಿಂದಿನ ಸಾಲಲ್ಲಿ ಸುಮ್ಮನೆ ಕೂತಿತ್ತು. ಪಾಠ ಮಾಡಿದ್ದು ಹೆಸರಿಲ್ಲದ ಆ ಇನ್ನೊಬ್ಬರು. ಮಕ್ಕಳು ಕಲಿತಿದ್ರಲ್ಲಿ ಏನಾದ್ರೂ ಕಮ್ಮಿ ಆಯ್ತಾ? ಇವರನ್ನ ಮನೆಗೆ ಕಳಿಸಿಕೊಡಿ. ಶಿಕ್ಷೆ ಏನಿದ್ರೂ ನನಗಿರ್ಲಿ."

ಸಭೆ ಎರಡಕ್ಕೂ ಒಪ್ಪಿತು. ಮೇಷ್ಟ್ರ ಸೇವಾಪುಸ್ತಕಕ್ಕೆ ಒಂದು ಕಪ್ಪು ಗೆರೆ ಬಿತ್ತು. ಇಸ್ತ್ರಿ ಅಕ್ಕನಿಗೆ ಅವರ ಗಂಡ ಸಿಕ್ಕರು. ಒಳಚೀಟಿಯನ್ನು ಆಕೆಯ ಕಣ್ಣೆದುರೇ ಹೊರಳಿಸಿ ತೋರಿಸಿ, ಸಂಖ್ಯೆಯನ್ನು ಆಕೆಯ ಬೆರಳಿಂದಲೇ ಮುಟ್ಟಿಸಿ, ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆಯನ್ನು ಮೇಷ್ಟ್ರು ಸ್ಮಶಾನದವರೆಗೂ ತಾವೇ ಹೊತ್ತರು. ಆಕೆ ದಾರಿಯುದ್ದಕ್ಕೂ ಅವರಿಗಿಂತ ಹತ್ತು ಹೆಜ್ಜೆ ಮುಂದೆಯೇ ಇದ್ದರು. ಕೊನೆಯ ಹಿಡಿ ಮಣ್ಣು ಹಾಕಿ ಹಿಂತಿರುಗಿ ನೋಡದೆ ನಡೆದರು.

ಆಮೇಲೆ ಮೇಷ್ಟ್ರು ಹಜಾರದ ನೂರಾರು ಜಾಡಿಗಳನ್ನೂ ಒಂದೊಂದಾಗಿ ತೆರೆದು ಒಳಚೀಟಿ ನೋಡಿದರು. ಅದಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ಬೇರೆ ಯಾವ ತಪ್ಪೂ ಸಿಗಲಿಲ್ಲ. "ಸಿಗದೇ ಇದ್ದದ್ದು ಭಗವಂತನ ದಯೆ, ನನ್ನ ಜಾಣತನ ಅಲ್ಲ" ಎನ್ನುತ್ತಾರೆ. ಮುಖ ನೋಡಿ ಗುರುತು ಹೇಳುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ವರ್ಷ ತಿರುಗಿ ಆ ದಿನ ಬಂತು. ಯಾರೂ ಬರುವುದಿಲ್ಲವೆಂದು ಗೊತ್ತಿದ್ದರೂ ಮೇಷ್ಟ್ರು ಹಜಾರವನ್ನು ಎಂದಿನಂತೆ ಖಾಲಿ ಇಟ್ಟಿದ್ದರು. ಹನ್ನೊಂದು ಗಂಟೆಗೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿತು. ಇಸ್ತ್ರಿ ಅಕ್ಕ!

ಮೇಷ್ಟ್ರು ಗಡಬಡಿಸಿ ಎದ್ದರು. "ಅಕ್ಕ... ನಿಮ್ಮೋರು ಈಗ ಇಲ್ಲಿಲ್ಲವಲ್ಲ."

"ಗೊತ್ತು. ಅವರನ್ನ ಬೆಳಿಗ್ಗೇನೇ ಹೋಗಿ ಮಾತಾಡ್ಸಿಕೊಂಡು ಬಂದೆ. ಇವರು ಎಲ್ಲಿದಾರೆ?"

"ಯಾರು?"

"ನನ್ನ ಮಾತೆಲ್ಲ ಕೇಳಿಸ್ಕೊಂಡೋರು. ಏಳು ವರ್ಷದ ಪರಿಚಯ, ಈಗ ದಿಢೀರಂತ ಬಿಟ್ಬಿಡಕ್ಕಾಗತ್ತಾ? ಅವರಿಗೆ ಬರೋರು ಇನ್ಯಾರಿದಾರೆ?" ಎಂದು, ಮೇಷ್ಟ್ರ ಮುಖ ನೋಡಿ, "ನೀವು ಎಂದಿನ ಹಾಗೆ ಹೊರಗೆ ಕೂತ್ಕೊಳ್ಳಿ ತಮ್ಮಾ. ಮಗಳ ಮದುವೆ ಗೊತ್ತಾಗಿದೆ, ಅದನ್ನ ಇನ್ನೂ ಹೇಳಿಲ್ಲ ಅವರಿಗೆ" ಎಂದರು.

ಮೇಷ್ಟ್ರು ಮೆಟ್ಟಿಲ ಮೇಲೆ ಕುಳಿತರು. ತಮ್ಮ ಎಂದು ಕರೆಸಿಕೊಂಡ ಮನುಷ್ಯ ಸೆರಗಿಲ್ಲದ್ದಕ್ಕೆ ಅಂಗಿಯ ತೋಳಲ್ಲಿ ಕಣ್ಣೊರೆಸಿಕೊಂಡರಂತೆ.

ಆ ಹೆಸರಿಲ್ಲದವರ ಜಾಡಿಯ ಹೊರಚೀಟಿಯಲ್ಲಿ ಈಗಲೂ ಕಸುಬಿನ ಜಾಗದಲ್ಲಿ "ತಿಳಿಯದು" ಎಂದೇ ಇದೆ. ಗೊತ್ತಿಲ್ಲದ್ದನ್ನು ಬರೆಯಲು ಮೇಷ್ಟ್ರು ಒಪ್ಪುವವರಲ್ಲ. ಆದರೆ ಅದರ ಕೆಳಗೆ ಅವರ ದುಂಡು ಅಕ್ಷರದಲ್ಲಿ ಇನ್ನೊಂದು ಸಾಲಿದೆ: "ನೋಡಲು ಬರುವವರು ಇದ್ದಾರೆ." ವಿದ್ಯಾರ್ಥಿಗಳು ಕಲ್ಲುದೂಳಿನ ರೋಗದ ಲಕ್ಷಣಗಳ ಜೊತೆಗೆ ಆ ಸಾಲನ್ನೂ ಓದಿಕೊಂಡು ಹೋಗುತ್ತಾರೆ.

ನನ್ನ ಮನೆಯಾಕೆಯನ್ನು ಈ ವರ್ಷವೇ ಮಣ್ಣಿಗೆ ಕೊಟ್ಟು ಬಂದು ಇದನ್ನು ಬರೆಯುತ್ತಿರುವ ಈ ಮುದುಕನಿಗೆ, ಸತ್ತವರನ್ನು ಮರ್ಯಾದೆಯಿಂದ ನೋಡಿಕೊಳ್ಳುವ ಒಂದು ಕೈ ಎಷ್ಟು ದೊಡ್ಡದೆಂದು ಈಗ ಚೆನ್ನಾಗಿ ಗೊತ್ತು. ನಿವೃತ್ತಿಯ ನಂತರವೂ ವರ್ಷದಲ್ಲಿ ಆ ಒಂದು ದಿನ ಹಜಾರದ ಬಾಗಿಲು ತೆರೆಯಲು ಮೇಷ್ಟ್ರೇ ಬರಬೇಕೆಂದು ಕಾಲೇಜು ಆದೇಶ ಹೊರಡಿಸಿದೆ. ಅವರ ಹೆಂಡತಿ ಅದನ್ನು ಕೇಳಿ, "ಸರಿ, ಆ ಬಕೆಟ್ಟು ಎಸೆಯಲ್ಲ ಬಿಡಿ" ಎಂದಿದ್ದಾರೆ. ದಯಾಮಯನಾದ ದೇವರು ನಮ್ಮ ಜಾಡಿ ಮೇಷ್ಟ್ರಿಗೆ ತುಂಬು ಉಸಿರನ್ನೂ, ಆ ಎರಡು ಮಹಡಿ ಹತ್ತುವ ಮೊಣಕಾಲನ್ನೂ ಕೊಡಲಿ. ಇಸ್ತ್ರಿ ಅಕ್ಕ ಬರುವಷ್ಟು ವರ್ಷವೂ ಆ ಮೆಟ್ಟಿಲ ಮೇಲೆ ಅವರು ಕುಳಿತಿರಲಿ.