ಐದನೆಯ ಸೋಮವಾರ

ಶಿವಗಂಗವ್ವನ ಬಗ್ಗೆ ಬರೆಯಲು ಕೂತರೆ ಮೊದಲು ನನ್ನ ಅಕ್ಷರದ ಮೇಲೆಯೇ ನನಗೆ ಸಿಟ್ಟು ಬರುತ್ತದೆ. ದಾಂಡೇಲಿಯ ಕನ್ನಡ ಶಾಲೆಯಲ್ಲಿ ನಾನು ಮಾಸ್ತರ. ಅಕ್ಷರ ಚಂದವೆಂದು ಊರ ಪಕ್ಕದ ಅಂಬೇವಾಡಿಯ ಜನ ಅರ್ಜಿ ಬರೆಯಲು ಕರೆಯುತ್ತಿದ್ದರು, ಲಗ್ನಪತ್ರಿಕೆ ಬರೆಯಲು ಕರೆಯುತ್ತಿದ್ದರು. ೧೯೫೮ರ ಒಂದು ರವಿವಾರ ಸೋಡಚೀಟಿ ಬರೆಯಲು ಕರೆದರು. ಗಂಡ-ಹೆಂಡತಿಯ ಸಂಬಂಧ ಹರಿಯಿತೆಂದು ಪಂಚರ ಮುಂದೆ ಬರೆದು ಹೆಬ್ಬೆಟ್ಟು ಒತ್ತಿಸುವ ಕಾಗದ ಅದು. ದೊಡ್ಡ ಮನುಷ್ಯನ ಹಾಗೆ ಟೊಪ್ಪಿಗೆ ಇಟ್ಟುಕೊಂಡು ಹೋಗಿ ಬರೆದುಕೊಟ್ಟು ಬಂದೆ.

ಗಂಡ ಪರಸಪ್ಪ ಧಾರವಾಡದ ಕಡೆಯವನು, ಕಾಗದದ ಗಿರಣಿಯಲ್ಲಿ ಬಿದಿರು ಕತ್ತರಿಸುವ ಕೆಲಸ. ಹೆಂಡತಿ ಮಾಲವ್ವ ಹಳಿಯಾಳದ ಹತ್ತಿರದ ಹಳ್ಳಿಯ ಒಕ್ಕಲುತನದ ಮನೆಯ ಮಗಳು. ಇವರ ಹಿರಿಯ ಮಗಳೇ ಶಿವಗಂಗವ್ವ. ಆಗ ಒಂಬತ್ತು ವರ್ಷದವಳು, ಮೂರನೆಯ ಇಯತ್ತೆಯಲ್ಲಿ ನನ್ನ ಕೈಯಲ್ಲಿ ಕಲಿಯುತ್ತಿದ್ದಳು. ಎಲ್ಲರೂ ಗಂಗಿ ಅನ್ನುತ್ತಿದ್ದರು. ಅವಳ ತಮ್ಮ ಮುದಕಪ್ಪ ಮೂರು ವರ್ಷದವನು. ಅಜ್ಜನ ಹೆಸರಿಟ್ಟಿದ್ದರಿಂದ ಹುಟ್ಟಿದಾಗಲೇ ಮುದುಕನಾದವನು. ಶಾಲೆಯ ಹೊರಗೆ ಅವಳ ಸೊಂಟದ ಮೇಲೆ ಅವನಿಲ್ಲದ ಹೊತ್ತನ್ನು ನಾನು ಕಂಡಿಲ್ಲ. ಉಣಿಸುವವಳು ಅವಳೇ, ಮಲಗಿಸುವವಳೂ ಅವಳೇ.

ಊರಲ್ಲಿದ್ದಾಗ ಪರಸಪ್ಪ ಆಕಳಂಥ ಮನುಷ್ಯನಂತೆ. ಇಲ್ಲಿ ಒಂದು ಗೋಡೆಗೆ ಎರಡು ಮನೆ, ಎಲ್ಲೆಲ್ಲಿಂದಲೋ ಬಂದ ಜನ, ವಾರ ವಾರ ಬದಲಾಗುವ ಪಾಳಿ. ಜೊತೆಗಾರನೊಬ್ಬ ಚಹಾ ಕುಡಿಯುತ್ತ, "ನೀ ಇಲ್ಲೆ ಪಾಳಿ ಮಾಡ್ತಿ, ನಿನ್ನ ಮನ್ಯಾಗ ಯಾರ ಪಾಳಿನೋ" ಎಂದು ನಕ್ಕನಂತೆ. ಅಂದವನು ಚಹಾ ಮುಗಿಯುವುದರೊಳಗೆ ಮರೆತಿರಬೇಕು. ಪರಸಪ್ಪನ ತಲೆಯಲ್ಲಿ ಹುಳ ಹೊಕ್ಕಿತು. ಅಂದಿನಿಂದ ಅವನು ರೊಟ್ಟಿ ಎಣಿಸತೊಡಗಿದ.

ಮಾಲವ್ವ ನಾಲ್ಕು ದಿನಕ್ಕಾಗುವಷ್ಟು ಖಡಕ್ ರೊಟ್ಟಿ ಬಡಿದು ಬುಟ್ಟಿಯಲ್ಲಿ ಒಟ್ಟುತ್ತಿದ್ದಳು. ಅವನು ಕೆಲಸಕ್ಕೆ ಹೋಗುವಾಗ ಎಣಿಸುತ್ತಿದ್ದ, ಬಂದಮೇಲೆ ಎಣಿಸುತ್ತಿದ್ದ. ಮನೆಗೆ ಗಂಡಸು ಬಂದರೆ ಹೆಂಗಸು ಉಣ್ಣಲು ಕೊಡದೆ ಇರುತ್ತಾಳೆಯೇ ಎಂಬುದು ಅವನ ತರ್ಕ. ಲೆಕ್ಕ ಎಂದೂ ತಪ್ಪಿರಲಿಲ್ಲ. ಆದರೂ ಬೈಗುಳ ನಿಲ್ಲಲಿಲ್ಲ, ಬರಬರುತ್ತ ಕೈಯೂ ಮೇಲಾಯಿತು. ಗಂಡ-ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಗಾದೆ ಕಟ್ಟಿದವನು ಆ ಮನೆಯಲ್ಲಿ ಒಂದು ಹೊತ್ತು ಉಣ್ಣಬೇಕಿತ್ತು.

ಒಂದು ದಿನ ಅವನು ಮಾಲವ್ವನಿಗೆ ಅಂದ: "ಸೋಡಚೀಟಿ ಕೊಡ್ತೀನಿ. ಗಂಡುಹುಡುಗ ನನ್ನ ವಂಶ, ಇಲ್ಲೇ ಇರ್ತಾನ. ಹುಡುಗೀನ್ನ ನಿನ್ನ ಸಂಗಾಟ ಒಯ್ಯಿ."

ಗಂಗಿಗೆ ಉಳಿದದ್ದೇನೂ ತಿಳಿಯಲಿಲ್ಲ. ತಮ್ಮ ಹೋಗುತ್ತಾನೆ ಎಂಬುದಷ್ಟು ತಿಳಿಯಿತು. ಅಂದಿನಿಂದ ಅಪ್ಪನ ಚಪ್ಪಲಿಯ ಸಪ್ಪಳ ಕೇಳಿದರೆ ಅವಳು ತಮ್ಮನನ್ನು ಎತ್ತಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ಶಾಲೆಯಲ್ಲಿ ಮಗ್ಗಿ ಕೇಳಿದರೆ ತಡವರಿಸುತ್ತಿದ್ದಳು. ದಡ್ಡಿ ಎಂದು ನಾನು ಎರಡು ಸಲ ಬೆತ್ತದ ರುಚಿ ತೋರಿಸಿದೆ. ದೇವರು ನನ್ನನ್ನು ಕ್ಷಮಿಸಲಿ.

ಪಕ್ಕದ ಮನೆಯ ಗೋದುಬಾಯಿ ಎಂಬ ಮುದುಕಿ ಹೆಂಗಸರ ನಡುವೆ ಕೂತು ತನ್ನ ಹರಕೆಯ ಮಾತು ಹೇಳುತ್ತಿದ್ದುದನ್ನು ಗಂಗಿ ಕೇಳಿಸಿಕೊಂಡಳು. ದೇವರಿಗೆ ಬಿಟ್ಟ ಗೂಳಿಗೆ ಐದು ಸೋಮವಾರ ಎರಡೆರಡು ರೊಟ್ಟಿ ತಿನಿಸಿದ್ದಕ್ಕೇ ಮಗನಿಗೆ ಗಿರಣಿಯಲ್ಲಿ ಕೆಲಸ ಸಿಕ್ಕಿತು ಎಂದು ಮುದುಕಿ ಹೇಳುತ್ತಿದ್ದಳು. "ಖರೆ, ಫಲ ಸಿಗೂ ತನಕ ಯಾರ ಮುಂದೂ ಬಾಯಿ ಬಿಡಬಾರದವಾ. ಬಿಟ್ರ ಎಲ್ಲಾ ಉಲ್ಟಾ ಆಗ್ತೈತಿ."

ದೀಪಾವಳಿ ಮುಗಿದ ಮೇಲಿನ ಸೋಮವಾರ ಗಂಗಿ ಶಾಲೆಗೆ ಬರುವಾಗ ಪಾಟಿಚೀಲದಲ್ಲಿ ಎರಡು ರೊಟ್ಟಿ ತಂದಳು. ರಸ್ತೆಯಲ್ಲಿ ನಿಂತು ಗೂಳಿಗೆ ತಿನಿಸುವುದನ್ನು ನಾನೇ ಕಣ್ಣಾರೆ ಕಂಡೆ. ಒಳ್ಳೆಯ ಹುಡುಗಿ ಅಂದುಕೊಂಡು ಮುಂದೆ ಹೋದೆ.

ಅಂದು ಮಧ್ಯಾಹ್ನ ಬುಟ್ಟಿಯಲ್ಲಿ ಎರಡು ರೊಟ್ಟಿ ಕಡಿಮೆ ಬಿದ್ದವು. ಮಾಲವ್ವ ಹೆದರಿ, ನಾನೇ ತಿಂದೆ ಅಂದಳು. ಮುಂದಿನ ಸೋಮವಾರ ಮತ್ತೆ ಎರಡು. ಮಕ್ಕಳು ತಿಂದಿರಬೇಕು ಅಂದಳು. ಮೂರನೆಯ ಸೋಮವಾರ, ನನಗೆ ಗೊತ್ತಿಲ್ಲ ಎಂದು ಅತ್ತಳು. ಮೂರು ಸಲ ಮೂರು ಮಾತು. ಸೋಮವಾರವೇ ಯಾಕೆ ಕಡಿಮೆಯಾಗುತ್ತವೆ, ಸೋಮವಾರ ಗಿರಣಿಯಲ್ಲಿ ಯಾರಿಗೆ ಕೆಲಸದ ಸೂಟಿ ಎಂದು ಪರಸಪ್ಪ ಓಣಿ ತುಂಬ ಕೇಳಿಕೊಂಡು ಬಂದ.

ತನ್ನಿಂದಲೇ ಅವ್ವನಿಗೆ ಏಟು ಬೀಳುತ್ತಿದೆ ಎಂದು ಗಂಗಿಗೆ ತಿಳಿಯದೆ ಇರಲಿಲ್ಲ. ಆದರೆ ಹೇಳಿದರೆ ಉಲ್ಟಾ ಆಗುತ್ತದೆ, ನಡುವೆ ಬಿಟ್ಟರೂ ಉಲ್ಟಾ ಆಗುತ್ತದೆ. ನಾಲ್ಕನೆಯ ಸೋಮವಾರ ರೊಟ್ಟಿ ತೆಗೆಯುವಾಗ ಬುಟ್ಟಿಯ ಮುಚ್ಚಳ ಬಿತ್ತಂತೆ. ಅವ್ವ ತಿರುಗಿ ನೋಡುವ ಮೊದಲೇ ರೊಟ್ಟಿಯನ್ನು ಪಾಟಿಚೀಲಕ್ಕೆ ತುರುಕಿ ಹೊರಗೆ ಓಡಿದಳಂತೆ.

ಆ ವಾರದ ರವಿವಾರವೇ ಪಂಚರು ಸೇರಿದರು. ಹಿರಿಯರು ಮಹಾಂತಪ್ಪನವರು, ಕೆಟ್ಟವರಲ್ಲ. ನಾನು ಮೂಲೆಯಲ್ಲಿ ಬರೆಯಲು ದೌತಿ-ಟಾಕು ಇಟ್ಟುಕೊಂಡು ಕೂತಿದ್ದೆ. ಮಾತಿಗೆ ಮಾತು ಬೆಳೆದು, ಕೊನೆಗೆ ಹುಡುಗಿಯನ್ನೇ ಕೇಳೋಣ ಎಂದಾಯಿತು. ತಮ್ಮನನ್ನು ಎತ್ತಿಕೊಂಡೇ ಗಂಗಿ ಬಂದು ನಿಂತಳು.

"ಅಂಜಬ್ಯಾಡವಾ ತಂಗಿ," ಎಂದರು ಮಹಾಂತಪ್ಪನವರು. "ಸೋಮವಾರಕ್ಕೊಮ್ಮಿ ನಿಮ್ಮ ಮನಿಗಿ ಯಾರ ಬರ್ತಾರ?"

"ಯಾರೂ ಬರೂದಿಲ್ರಿ."

"ಮತ್ತ ರೊಟ್ಟಿ ಯಾರು ತಿಂದ್ರು?"

ಗಂಗಿ ಬಾಯಿ ತೆರೆದಳು, ಮುಚ್ಚಿದಳು. ಮಾಲವ್ವ ಸೆರಗೊಡ್ಡಿ, "ಗೊತ್ತಿದ್ರ ಹೇಳವಾ, ನಿನ್ನ ಕಾಲಿಗೆ ಬೀಳ್ತೀನಿ," ಎಂದಳು. ಇನ್ನು ಒಂದೇ ಸೋಮವಾರ ಉಳಿದಿತ್ತು, ಅದೂ ಮರುದಿನವೇ. ಒಂದು ದಿನ ನಾಲಿಗೆ ಬಿಗಿಹಿಡಿದರೆ ಅಪ್ಪ, ಅವ್ವ, ತಮ್ಮ ಎಲ್ಲರೂ ಉಳಿಯುತ್ತಾರೆ. ಅವಳು ತಮ್ಮನನ್ನು ಇನ್ನಷ್ಟು ಅವಚಿಕೊಂಡು ಸುಮ್ಮನೆ ನಿಂತಳು.

"ಕೂಸು ಸುಳ್ಳೂ ಹೇಳವಲ್ದು, ಖರೇನೂ ಹೇಳವಲ್ದು," ಎಂದು ಮಹಾಂತಪ್ಪನವರು ತಲೆ ತಗ್ಗಿಸಿದರು. "ಇನ್ನ ಯಾತರ ಸಾಕ್ಷಿ ಬೇಕು. ಬರೀರಿ ಮಾಸ್ತರ."

ಬರೆದೆ. ನಾಲ್ಕು ಸೋಮವಾರಗಳಲ್ಲಿ ಒಂದನ್ನು ಕಣ್ಣಾರೆ ಕಂಡ ನನಗೆ ಆ ಹೊತ್ತಿನಲ್ಲಿ ಅದು ಹೊಳೆಯಲಿಲ್ಲ. ಕಾಗುಣಿತ ತಪ್ಪದಂತೆ ಬರೆಯುವುದೇ ನನಗೆ ಮುಖ್ಯವಾಗಿತ್ತು. ಮಾಲವ್ವ ಹೆಬ್ಬೆಟ್ಟು ಒತ್ತಿದಳು. ಮುದಕಪ್ಪನನ್ನು ಗಂಗಿಯ ಸೊಂಟದಿಂದ ಬಿಡಿಸಲು ಇಬ್ಬರು ಗಂಡಸರು ಬೇಕಾದರು.

ಮರುದಿನ ಬೆಳಿಗ್ಗೆ ಹಳಿಯಾಳದ ಬಸ್ಸು ಹತ್ತುವ ಮೊದಲು, ಬುತ್ತಿಯಲ್ಲಿದ್ದ ಎರಡು ರೊಟ್ಟಿಯನ್ನು ಗಂಗಿ ಓಡಿಹೋಗಿ ಗೂಳಿಗೆ ತಿನಿಸಿಯೇ ಬಂದಳಂತೆ. ಆಮೇಲೆ ಅಜ್ಜನ ಮನೆಯಲ್ಲಿ ಕಾಯತೊಡಗಿದಳು. ಅಪ್ಪ ತಮ್ಮನನ್ನು ಕರೆದುಕೊಂಡು ಬರುತ್ತಾನೆ ಎಂದು ದಿನಾ ಸಂಜೆ ಊರಬಾಗಿಲ ಅಗಸಿಯ ತನಕ ಹೋಗಿ ನಿಲ್ಲುತ್ತಿದ್ದಳು. ಫಲ ಇನ್ನೂ ಸಿಕ್ಕಿರಲಿಲ್ಲವಾದ್ದರಿಂದ ಬಾಯಿ ಬಿಡುವಂತಿರಲಿಲ್ಲ. ಒಂದು ವರ್ಷವಾಯಿತು, ಐದಾಯಿತು. ಪರಸಪ್ಪ ಬೇರೆ ಮದುವೆ ಮಾಡಿಕೊಂಡ ಸುದ್ದಿ ಬಂತು. ಮಾಲವ್ವ ತವರಿನಲ್ಲಿ ತಲೆ ಎತ್ತದೆ ದುಡಿದಳು. ತಾಯಿಯ ಹೆಸರು ಕೇಳಿ ಮಗಳ ಎರಡು ಸಂಬಂಧ ಮುರಿದುಹೋದವು. ಆಗಲೂ ಗಂಗಿ ಬಾಯಿ ಬಿಡಲಿಲ್ಲ. ಬುದ್ಧಿ ಬೆಳೆದಿತ್ತು, ಹರಕೆ ಗಿರಕೆ ಸುಳ್ಳೆಂದು ಗೊತ್ತಿತ್ತು. ಹೆದರಿಕೆ ಮಾತ್ರ ಒಂಬತ್ತು ವರ್ಷದ ಹುಡುಗಿಯದಾಗಿಯೇ ಉಳಿದಿತ್ತು.

೧೯೬೮ರಲ್ಲಿ, ಮೂರನೆಯ ಸಂಬಂಧ ಗಟ್ಟಿಯಾದ ಮೇಲೆ, ಅವಳು ಒಬ್ಬಳೇ ಬಸ್ಸು ಹತ್ತಿ ನನ್ನ ಶಾಲೆಗೆ ಬಂದಳು. "ಮಾಸ್ತರ, ಲಗ್ನ ಆಗೂ ಮೊದಲ ಒಮ್ಮಿ ನನ್ನ ತಮ್ಮನ್ನ ನೋಡ್ತೀನ್ರಿ." ಅವನನ್ನು ಕರೆಸುವ ಮೊದಲು ನನ್ನ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಹತ್ತು ವರ್ಷದಲ್ಲಿ ಮೊದಲ ಸಲ. ಹೇಳುವಾಗ ಎರಡು ಸಲ ಬಾಗಿಲ ಕಡೆ ನೋಡಿದಳು. ಗೂಳಿಗೆ ರೊಟ್ಟಿ ತಿನಿಸುವುದನ್ನು ನಾನೇ ಕಂಡದ್ದು ಆಗ ನೆನಪಾಯಿತು.

ಮುದಕಪ್ಪ ಬಂದ. ಏಳನೆಯ ಇಯತ್ತೆ, ಸಣಕಲು ಹುಡುಗ, ಅತ್ತಿತ್ತ ನೋಡುವ ಕಣ್ಣು. "ಇವರು ಯಾರ್ರಿ ಮಾಸ್ತರ?" ಎಂದು ಕೇಳಿದ.

"ನಿಮ್ಮಕ್ಕನೋ," ಎಂದೆ.

"ನನಗ ಅಕ್ಕ ಇಲ್ರಿ. ನಮ್ಮವ್ವ ಕೆಟ್ಟಾಕಿ, ಓಡಿ ಹೋದ್ಲಂತ."

ಗಂಗಿ ಅವನನ್ನು ಎದುರಿಗೆ ಕೂರಿಸಿಕೊಂಡು ಗೂಳಿಯ ಕಥೆಯನ್ನೆಲ್ಲ ಹೇಳಿದಳು. ಕಥೆ ಮುಗಿದ ಮೇಲೆ ಅವನು ಕೇಳಿದ: "ಹಂಗಾರ ಅವತ್ತ ಯಾಕ ಹೇಳಲಿಲ್ರಿ?"

"ಹೇಳಿದ್ರ ನಿನ್ನ ಕಳಕೊಂತೀನಿ ಅಂತ ಅಂಜಿದ್ನೋ."

ಹುಡುಗ ಅವಳ ಮುಖ ನೋಡಿದ. ಆಮೇಲೆ ಗೋಡೆಯ ಗಡಿಯಾರ ನೋಡಿ ಗಡಬಡಿಸಿ ಎದ್ದ. "ತಡಾ ಆತ್ರಿ. ಎಲ್ಲಿದ್ದಿ ಅಂತ ಅಪ್ಪ ಕೇಳ್ತಾನ. ನೀವು ಬಂದಿದ್ದು ಯಾರ ಮುಂದೂ ಹೇಳಬ್ಯಾಡ್ರಿ," ಎಂದು ಅಕ್ಕನಿಗೆ ಕೈಮುಗಿದು, ಪಾಟಿಚೀಲ ಎದೆಗೆ ಅವಚಿಕೊಂಡು ಓಡಿದ.