ಪೊಟ್ಟಣದ ಮೇಲಿನ ಸೋನುಬಾಯಿ

ಮೋರಖಂಡಿಯ ಸೋನುಬಾಯಿಯ ಅಂಗಳದಲ್ಲಿ ಮೊದಲು ಮಣ್ಣೇ ಇರಲಿಲ್ಲ. ಬರೀ ಗರಸು. ಸಲಿಕೆ ಹಾಕಿದರೆ ಟಣ್ ಅನ್ನುವಂಥ ಕೆಂಪು ನೆಲ. ಅದು ಬೌದ್ಧರ ಓಣಿ, ಬೌದ್ಧ ಧರ್ಮಕ್ಕೆ ಸೇರಿದ ದಲಿತರದು. ಸರ್ಕಾರದ ಮನೆ ಮಂಜೂರಾದಾಗ ಯಾರಿಗೂ ಬೇಡವಾದ ಜಾಗ ನೋಡಿಯೇ ತೋರಿಸಿದ್ದರು. ಸೋನುಬಾಯಿ, ಅವಳ ಗಂಡ ಮಚ್ಚೇಂದ್ರ ಇಬ್ಬರೂ ಮಂದಿಯ ಹೊಲದಲ್ಲಿ ಕೂಲಿಗೆ ಹೋಗುವವರು. ಸಂಜೆ ತೊಗರಿ ಹೊಲದಿಂದ ಬರುವಾಗ ಅವಳ ತಲೆಯ ಮೇಲೆ ಒಂದು ಬುಟ್ಟಿ ಹಳ್ಳದ ಮಣ್ಣು ಇರುತ್ತಿತ್ತು. ತೂತು ಬಿದ್ದ ಕೊಡ, ಎಣ್ಣೆ ಡಬ್ಬಿ, ಒಡೆದ ಹರವಿ, ಯಾವುದು ಸಿಕ್ಕರೂ ಅದರಲ್ಲಿ ಆ ಮಣ್ಣು ತುಂಬಿ ಒಂದು ಕಡ್ಡಿ ಊರುತ್ತಿದ್ದಳು.

ಅವಳು ಹಚ್ಚಿದ್ದೆಲ್ಲ ಗಟ್ಟಿ ಜೀವದ ಗಿಡಗಳು. ದಾಸವಾಳ, ನಂದಿಬಟ್ಟಲು, ಶಂಖಪುಷ್ಪ. ಬೇರೆ ಕಡೆ ನಿತ್ಯಪುಷ್ಪ ಅನ್ನುವ, ಅವಳ ಬಾಯಲ್ಲಿ ಸದಾಫುಲಿಯಾದ, ವರ್ಷವಿಡೀ ಹೂಬಿಡುವ ಗುಲಾಬಿ ಬಣ್ಣದ ಗಿಡ. ಕೆಮ್ಮಿಗಾಗುವ ಆಡುಸೋಗೆ. ಓಣಿಯ ಕಡೇ ತುದಿಯಲ್ಲಿ, ಆಡು ಮೇಕೆ ಸುಳಿಯದ ಕಡೆ, ಕಣಗಲ. ಕಣಗಲದ ಎಲೆ, ಹೂವು, ಕಡ್ಡಿ ಎಲ್ಲವೂ ವಿಷವೆಂದು ಓಣಿಯ ಪ್ರತಿ ಕೂಸಿಗೂ ಗದರಿಸಿ ಕಲಿಸಿದ್ದಳು. ಬೇಸಿಗೆಯಲ್ಲಿ ಕೊಡ ನೀರಿಗೆ ಜಗಳವಾಡುವ ಓಣಿಯಲ್ಲಿ ಅಕ್ಕಿ ತೊಳೆದ ನೀರು, ಪಾತ್ರೆ ಗಲಬರಿಸಿದ ನೀರು ಇಷ್ಟರಲ್ಲೇ ಅವಳು ಗಿಡ ಉಳಿಸಿಕೊಂಡಳು. ಸದಾಫುಲಿಗಂತೂ ನೀರು ಹೆಚ್ಚಾದರೇ ಬುಡ ಕೊಳೆಯುತ್ತದೆ.

ಒಂದು ದಿನ ಹೊಲದ ಯಜಮಾನ ಪಂಡರಿ ಓಣಿಯ ಮುಂದೆ ಹಾದುಹೋಗುವಾಗ ಗಾಡಿ ನಿಲ್ಲಿಸಿದ. ಕೂಲಿಯವರ ಮನೆ ಮುಂದೆ ಇಷ್ಟೊಂದು ಹೂವು ಅರಳಿದ್ದು ಅವನಿಗೆ ಯಾಕೋ ಸರಿಕಾಣಲಿಲ್ಲ.

"ಸೋನಾಬಾಯಿ, ಕೂಲಿ ಮಾಡಾವ್ರಿಗೆ ಹೂವಿನ ಶೋಕ ಯಾಕ ಬೇಕು? ಅದರ ಬದ್ಲಿ ನಾಕು ಬದನಿ ಹಚ್ಚು. ಹೊಟ್ಟಿಗಾದ್ರೂ ಆಗ್ತದ."

"ಸೋನಾಬಾಯಿ ಅಲ್ರಿ, ಸೋನುಬಾಯಿ," ಅಂದಳು ಅವಳು. "ನಮಗ ಬರೀ ಹೊಟ್ಟಿ ಅಷ್ಟೇ ಅದ ಅಂತ ತಿಳದೀರೇನ್ರಿ? ಕಣ್ಣೂ ಅವ."

ಮಾರನೇ ವಾರ ಪಂಡರಿ ಅವಳನ್ನು ಕೂಲಿಗೆ ಕರೆಯಲಿಲ್ಲ. ಅವಳು ರಸ್ತೆಗೆ ಎದ್ದು ಕಾಣುವ ಹಾಗೆ ಇನ್ನೊಂದು ಕೆಂಪು ದಾಸವಾಳ ಹಚ್ಚಿ, ಬೇರೆಯವರ ಸೋಯಾ ಹೊಲಕ್ಕೆ ಕಸ ತೆಗೆಯಲು ಹೋದಳು.

ಔಷಧಿಯ ತಿಳಿವಳಿಕೆ ಅವಳಿಗೆ ಅತ್ತೆ ಯಶೋದಾಬಾಯಿಯಿಂದ ಬಂದದ್ದು. ಆಡುಸೋಗೆ ಎಲೆಯ ಕಷಾಯಕ್ಕೆ ಬೆಲ್ಲ, ಮೆಣಸು. ತಲೆಗೆ ದಾಸವಾಳದ ಎಲೆ ಅರೆದದ್ದು. ಒಲೆಯ ಮುಂದೆ ಕೈ ಚುರುಕ್ ಅಂದರೆ ತಣ್ಣೀರು, ಆಮೇಲೆ ಲೋಳಸರ. ಇಷ್ಟೇ. ಅತ್ತೆ ಇದರ ಜೊತೆಗೆ ಇನ್ನೊಂದು ಮಾತನ್ನೂ ಕಲಿಸಿದ್ದಳು: ಜ್ವರ ಇಳಿಯದಿದ್ದರೆ, ಕಫದಲ್ಲಿ ರಕ್ತ ಕಂಡರೆ, ಕೂಸು ಉಸಿರಿಗೆ ಒದ್ದಾಡಿದರೆ ಎಲೆ ಕೀಳುತ್ತ ನಿಲ್ಲಬೇಡ, ದವಾಖಾನೆಗೆ ನಡೆ. ಸೋನುಬಾಯಿ ಅದರಂತೆಯೇ ನಡೆದವಳು. ಕೆಮ್ಮಿಗೆ ಬಂದ ಎಷ್ಟೋ ಮಂದಿಯನ್ನು ಬಸವಕಲ್ಯಾಣದ ಬಸ್ಸಿಗೆ ತಾನೇ ಹತ್ತಿಸಿದ್ದಳು.

ಈಗ್ಗೆ ಕೆಲವು ವರ್ಷದ ಕೆಳಗೆ ದಿಗಂಬರ ಅನ್ನುವವನು ಕಾರಿನಲ್ಲಿ ಬಂದ. ಹುಮನಾಬಾದದಲ್ಲಿ ಗಿಡಮೂಲಿಕೆಯ ಅಂಗಡಿ ಇಟ್ಟವನು. ಮಾತು ಬೆಣ್ಣೆಯಂಥದು, ಬಂದವನೇ ಚಿಕ್ಕಮ್ಮ ಅನ್ನುವ ಹಾಗೆ ಮೌಶಿ ಅಂದ.

"ಮೌಶಿ, ಎಷ್ಟ ಛಂದ ಬೆಳಸೀರಿ! ನಿಮ್ದೊಂದು, ಗಿಡದ್ದೊಂದು ಫೋಟೋ ತಗೋತೀನಿ. ದುಖಾನದಾಗ ಹಚ್ಚತೀನಿ, ಮಂದಿ ನೋಡಿ ತಾವೂ ಮನ್ಯಾಗ ಹಚ್ಚಲಿ."

ಮಂದಿ ಗಿಡ ಹಚ್ಚುತ್ತಾರೆ ಅಂದರೆ ಅವಳಿಗೆ ಖುಷಿಯೇ. ಫೋಟೋಕ್ಕೆ ನಿಂತಳು. ಸದಾಫುಲಿಯ ಸಸಿಗಳನ್ನು ಒದ್ದೆ ಚೀಲದಲ್ಲಿ ಸುತ್ತಿ ಕೊಟ್ಟಳು. ಹೋಗುವಾಗ ಅವನು ಕೇಳಿದ, "ಇದರ ಎಲಿ ತಿಂದ್ರ ಸಕ್ಕರಿ ಬ್ಯಾನಿ ಹೋಗ್ತದಂತಲ್ಲ ಮೌಶಿ?"

"ಹಂಗ ಮಂದಿ ಅಂತಾರ. ನಾ ಯಾರಿಗೂ ಕೊಟ್ಟಿಲ್ಲ, ನಮ್ಮತ್ತಿನೂ ಕೊಟ್ಟಿಲ್ಲ. ನೋಡಾಕ ಛಂದ ಅದ, ಅದಕ್ಕ ಹಚ್ಚೀನಿ."

ಅವನು ನಕ್ಕು ಕಾರು ಹತ್ತಿದ. ಅವಳು ಅವನನ್ನು ಮರೆತೂಬಿಟ್ಟಳು.

ಮರುವರ್ಷದ ಮಳೆಗಾಲದಲ್ಲಿ ಒಂದು ಮುಂಜಾನೆ ಮಾಣಿಕಮ್ಮ ಬಂದಳು. ಮಾಣಿಕಮ್ಮ ಮೋರಖಂಡಿಯ ಮಗಳೇ, ಕುರಿ ಸಾಕುವವರ ಮನೆಯಾಕೆ. ಕೊಡಂಬಲಕ್ಕೆ ಮದುವೆಯಾಗಿ ಹೋದವಳು. ಹುಡುಗಿಯಾಗಿದ್ದಾಗ ಸೋನುಬಾಯಿಯ ಜೊತೆ ಒಂದೇ ಸಾಲಿನಲ್ಲಿ ಕಸ ತೆಗೆದವಳು, ಇವಳ ಬುಟ್ಟಿಯ ರೊಟ್ಟಿ ಕದ್ದು ತಿಂದವಳು. ಆವತ್ತು ಅವಳು ಒಳಗೆ ಬರಲಿಲ್ಲ. ಅಂಗಳದಲ್ಲೇ ನಿಂತು ಸೆರಗಿನ ಗಂಟಿನಿಂದ ಒಂದು ಪೊಟ್ಟಣ ತೆಗೆದು ಸೋನುಬಾಯಿಯ ಕಾಲ ಬಳಿ ಎಸೆದಳು.

"ನಿನ್ನ ದವಾಯಿ ನೀನೇ ಇಟ್ಕೋ ಸೋನಕ್ಕ. ನನ್ನ ಗಂಡ ಸಾಯಾಕ ಬಿದ್ದಾನ."

ಸೋನುಬಾಯಿ ಬಗ್ಗಿ ಪೊಟ್ಟಣ ಎತ್ತಿಕೊಂಡಳು. ಅದರ ಮೇಲೆ ಅವಳದೇ ಮುಖ. ಆದರೆ ಹಣೆಯ ಮೇಲೆ ಅವಳು ಎಂದೂ ಇಡದ ದೊಡ್ಡ ಕುಂಕುಮ, ಹಿಂದೆ ಅವಳು ಎಂದೂ ಕಾಣದ ದಟ್ಟ ಕಾಡು. ಅಕ್ಷರ ಕೂಡಿಸಿ ಕೂಡಿಸಿ ಓದಿದಳು. 'ಕಾಡಿನ ಸೋನಮ್ಮನ ಸಕ್ಕರೆ ಚೂರ್ಣ. ಗುಳಿಗೆ ಬಿಡಿ, ಸೂಜಿ ಬಿಡಿ.'

"ಮಾಣಿಕಿ, ಇದು ನಾ ಮಾಡಿದ್ದಲ್ಲ. ಖರೇ ಹೇಳ್ತೀನಿ, ನನಗ ಗೊತ್ತೇ ಇಲ್ಲ."

"ಮುಖ ನಿಂದಲ್ಲೇನು?"

ಸೋನುಬಾಯಿ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡಳು. ಬಾಗಿಲು ಎಳೆದುಕೊಂಡು, ಮಾಣಿಕಮ್ಮ ಬೇಡ ಬೇಡ ಅಂದರೂ ಅವಳ ಹಿಂದೆಯೇ ಹೊರಟಳು.

ಮಾಣಿಕಮ್ಮನ ಗಂಡ ದೇವಿಂದ್ರಪ್ಪ ಹುಮನಾಬಾದದ ದವಾಖಾನೆಯಲ್ಲಿದ್ದ. ಸಕ್ಕರೆ ಕಾಯಿಲೆಗೆ ತಪ್ಪದೆ ಗುಳಿಗೆ ನುಂಗುತ್ತಿದ್ದ ಮನುಷ್ಯ. ಚೂರ್ಣ ತಂದ ಮೇಲೆ ಗುಳಿಗೆ ಬಿಟ್ಟ. ಕುರಿಯ ಹಿಂದೆ ಹೋದಾಗ ಕಾಲಿಗೆ ಜಾಲಿಮುಳ್ಳು ಚುಚ್ಚಿತು. ಗಾಯ ಮಾಯಲಿಲ್ಲ, ಕಾಲು ಕಪ್ಪಾಯಿತು, ಕಡೆಗೆ ಹಟ್ಟಿಯಲ್ಲೇ ಎಚ್ಚರ ತಪ್ಪಿ ಬಿದ್ದ. ವಾರ್ಡಿನ ಗೌಹರ ಸಿಸ್ಟರ್ ಗಾಯ ತೊಳೆಯುತ್ತ ಹೇಳಿದಳು, "ಜೀವ ಉಳೀತದ. ಬೆರಳು ಉಳೀತಾವ ಅಂತ ಹೇಳಾಕ ಬರಂಗಿಲ್ಲ. ಈ ಪೊಟ್ಟಣ ತಿಂದು ಬಂದಾವ್ರು ಇವರೊಬ್ಬರೇ ಅಲ್ಲ."

ದೇವಿಂದ್ರಪ್ಪ ಕಣ್ಣು ತೆರೆದು ಸೋನುಬಾಯಿಯನ್ನು ನೋಡಿದ. ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ನಿನ್ನ ಮುಖ ಇತ್ತಲ್ಲವ್ವ ಅದರ ಮ್ಯಾಲ. ಬ್ಯಾರೆ ಯಾರದರ ಇದ್ರ ನಾ ನಂಬತಿದ್ದಿಲ್ಲ."

ಅವನು ಬೈದಿದ್ದರೆ ಅವಳು ಅಲ್ಲೇ ಕೂತು ಅಳುತ್ತಿದ್ದಳೇನೋ. ಆ ಮಾತು ಕೇಳಿ ಎದ್ದು ನಿಂತಳು. ಅವಳ ಫೋಟೋ ಒಯ್ದವನು ಅವನೊಬ್ಬನೇ; ದವಾಖಾನೆಯಿಂದ ನೇರ ದಿಗಂಬರನ ಅಂಗಡಿಗೆ ನಡೆದಳು. ಅಂಗಡಿಯ ಮೇಲಿನ ಬೋರ್ಡಿನಲ್ಲೂ ಅವಳದೇ ಮುಖ, ಬಾಗಿಲಿಗಿಂತ ದೊಡ್ಡದು.

ದಿಗಂಬರ ಎದ್ದು ಬಂದು ಕುರ್ಚಿ ಹಾಕಿದ. "ಬರ್ರಿ ಮೌಶಿ! ನೋಡಿದ್ರ್ಯಾ, ನಿಮ್ಮ ಹೆಸರು ಜಿಲ್ಲಾ ತುಂಬ ಆಗ್ಯದ. ನಾನೇ ಬರಾವಿದ್ದೆ. ನಿಮಗೂ ಪಾಲು ಕೊಡ್ತೀನಿ."

"ಪಾಲು? ಯಾದರಾಗ ಪಾಲು? ದೇವಿಂದ್ರಪ್ಪನ ಕಾಲಿನಾಗ?"

"ಅವ ಪಥ್ಯ ಮಾಡಿರಂಗಿಲ್ಲ, ಅದಕ್ಕ ನಾ ಏನ್ ಮಾಡ್ಲಿ?"

"ಬೋರ್ಡ್ ಇಳಸು. ಪೊಟ್ಟಣ ಸುಡು. ಇದು ಸುಳ್ಳ ಅಂತ ಕೊಂಡಾವ್ರಿಗೆ ಹೇಳು."

ದಿಗಂಬರನ ನಗು ಇಳಿಯಿತು. ದನಿ ತಗ್ಗಿಸಿ ಅಂದ, "ಜಾಸ್ತಿ ಮಾತಾಡಬ್ಯಾಡ. ನೀ ಯಾವ ಓಣ್ಯಾಕಿ ಅಂತ ಗೊತ್ತಾದ್ರ ಈ ಮಂದಿ ಪೊಟ್ಟಣ ಮುಟ್ಟತಿದ್ರೇನು? ಅದಕ್ಕೇ ನಾ ಕುಂಕುಮ ಹಚ್ಚಿಸೀನಿ, ಹೆಸರು ಬದಲಿಸೀನಿ. ನಿನ್ನ ಮರ್ಯಾದಿ ನಾ ಕಾಯ್ದೀನಿ, ತಿಳಕೋ."

ಸೋನುಬಾಯಿ ಅವನನ್ನೇ ನೋಡಿದಳು. "ಹಂಗೇನು? ಹಂಗಾದ್ರ ಅದನ್ನೂ ಮಂದಿಗೆ ಹೇಳ್ತೀನಿ."

ಹೊರಗೆ ಬಂದು, ಎದುರಿನ ಬೇವಿನ ಗಿಡದ ಬುಡದಲ್ಲಿ, ಬೋರ್ಡಿನ ಸರಿ ಎದುರಿಗೆ ಕೂತಳು. ಅಂಗಡಿಯ ಕಡೆ ತಿರುಗಿದ ಪ್ರತಿಯೊಬ್ಬರನ್ನೂ ಕೂಗಿ ಕರೆದಳು. ಹೊಲದಲ್ಲಿ ಆ ತುದಿಯಿಂದ ಈ ತುದಿಗೆ ಕರೆದು ಪಳಗಿದ ಗಂಟಲು ಅದು.

"ಬರ್ರಿ, ನೋಡ್ರಿ! ಆ ಬೋರ್ಡಿನ ಮ್ಯಾಲ ಇರಾಕಿ ನಾನೇ. ನಾ ಯಾವ ಕಾಡಿನಾಕಿನೂ ಅಲ್ಲ. ಮೋರಖಂಡಿ ಬೌದ್ಧರ ಓಣಿ ಸೋನುಬಾಯಿ, ಕೂಲಿ ಮಾಡಾಕಿ. ಈ ಚೂರ್ಣ ನಾ ಮಾಡಿಲ್ಲ, ಸಕ್ಕರಿ ಬ್ಯಾನಿಗೆ ನಾ ಯಾರಿಗೂ ಎಲಿ ಕೊಟ್ಟಿಲ್ಲ. ಗುಳಿಗಿ ಬಿಟ್ಟಾವ ದವಾಖಾನ್ಯಾಗ ಬಿದ್ದಾನ, ಹೋಗಿ ನೋಡ್ರಿ!"

ಜನ ನಿಂತರು. ಬೋರ್ಡಿನ ಕಡೆಗೊಮ್ಮೆ, ಇವಳ ಕಡೆಗೊಮ್ಮೆ ನೋಡಿದರು. ಕೆಲವರು ಹುಚ್ಚಿ ಅಂದರು. ಒಬ್ಬ ಮುದುಕ ಆಗತಾನೇ ಕೊಂಡ ಪೊಟ್ಟಣವನ್ನು ಅಂಗಡಿಯ ಮೆಟ್ಟಿಲ ಮೇಲೆ ಇಟ್ಟು ಹೊರಟುಹೋದ. ಇನ್ನೊಬ್ಬಳು, "ಅಯ್ಯ, ಆ ಓಣಿಯಾಕಿ ಕೈಯಿಂದು ನಮಗ ಕುಡಿಸಿದ್ನಾ?" ಅಂದಳು. ಸೋನುಬಾಯಿಗೆ ಅದು ಕೇಳಿಸಿತು. "ನನ್ನ ಕೈಯಿಂದು ಅಲ್ಲವ್ವ, ಅವನ ಕೈಯಿಂದು. ನನ್ನ ಕೈಯಿಂದು ಕುಡಿದಿದ್ರ ಆರಾಮ ಇರತಿದ್ದಿ," ಅಂದಳು. ಸುತ್ತ ನಿಂತವರು ನಕ್ಕರು. ಆ ಹೆಂಗಸು ಸೆರಗು ಮುಖಕ್ಕೆ ಹಿಡಿದು ಸರಿದಳು.

ದಿಗಂಬರ ಕರೆಸಿದ್ದಕ್ಕೆ ಪೊಲೀಸಿನವನೊಬ್ಬ ಬಂದ. "ಏಳವ್ವ, ದಂಧಾ ಹಾಳಾಗಾಕತ್ತದಂತ. ಕಂಪ್ಲೇಂಟ್ ಇದ್ರ ಠಾಣೆಗೆ ಬಾ."

"ಬರ್ತೀನ್ರಿ, ಕೊಡ್ತೀನ್ರಿ. ಕೊಟ್ಟು ಮತ್ತ ಇಲ್ಲೇ ಬಂದು ಕೂಡ್ತೀನಿ. ಈ ಗಿಡ ಅವನ ಅಪ್ಪಂದಲ್ಲಲ್ರಿ."

ಹಾಗೆಯೇ ಮಾಡಿದಳು. ದೂರು ಕೊಟ್ಟಳು, ಹೆಬ್ಬೆಟ್ಟಿಗೆ ಮಸಿ ಹಚ್ಚಲು ಬಂದವನಿಗೆ "ಸಹಿ ಬರ್ತದ" ಅಂದು ಸಹಿ ಹಾಕಿ ಬಂದು ಮತ್ತೆ ಕೂತಳು. ಹೊತ್ತು ಇಳಿಯುವಾಗ ಮಚ್ಚೇಂದ್ರ ಅವಳನ್ನು ಹುಡುಕಿಕೊಂಡು ಬಂದ.

"ಮನೀಗೆ ನಡಿ ಅನ್ನಾಕ ಬಂದ್ಯಾ?" ಅಂತ ಅವಳು ಸೆಟೆದು ಕೇಳಿದಳು.

"ಇಲ್ಲ. ರೊಟ್ಟಿ ತಂದೀನಿ."

ದಿನಾ ಮುಂಜಾನೆ ಬಸ್ಸು ಹಿಡಿದು ಬಂದು ಸಂಜೆಯವರೆಗೆ ಕೂತಳು. ಕೂಲಿ ತಪ್ಪಿತು, ಗಂಟಲು ಒಡೆಯಿತು. ಆ ವಾರದಲ್ಲೇ ಯಾರೋ ಅವಳ ಗಿಡಗಳಿಗೆ ಹೊಲಕ್ಕೆ ಹೊಡೆಯುವ ಕಳೆನಾಶಕ ಸುರಿದುಹೋದರು. ಬೆಳಗ್ಗೆ ಎದ್ದು ನೋಡಿದರೆ ಸದಾಫುಲಿ ಬೆಂದ ಸೊಪ್ಪಿನಂತೆ ಮಲಗಿತ್ತು. ಆಡುಸೋಗೆ ಹಳದಿಗಟ್ಟಿತ್ತು. ನಂದಿಬಟ್ಟಲಿನ ಮೊಗ್ಗುಗಳು ಕಪ್ಪಾಗಿ ಉದುರಿದ್ದವು. ಮಚ್ಚೇಂದ್ರ ಕಟ್ಟೆಯ ಮೇಲೆ ತಲೆ ಹಿಡಿದು ಕೂತ. ಸೋನುಬಾಯಿ ಒಂದೊಂದೇ ಡಬ್ಬಿ ಮುಟ್ಟಿ ನೋಡಿದಳು. ಸೊರಗಿದ ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿದಳು. ಕಣ್ಣಲ್ಲಿ ನೀರು ಬಂತು, ಮುಂಗೈಯಿಂದ ಒರೆಸಿಕೊಂಡಳು.

"ಇವತ್ತರ ಮನ್ಯಾಗ ಇರು," ಅಂದ ಗಂಡ.

"ನಾ ಮನ್ಯಾಗ ಇರ್ಲಿ ಅಂತೇ ಅವ ಇದು ಮಾಡ್ಯಾನ," ಅಂದು ಚಪ್ಪಲಿ ಮೆಟ್ಟಿದಳು.

ಬೇವಿನ ಬುಡಕ್ಕೆ ಹೋದರೆ ಅಲ್ಲಿ ಮೊದಲೇ ಒಬ್ಬಳು ಕೂತಿದ್ದಳು. ಮಾಣಿಕಮ್ಮ. ಗಂಡನ ಎರಡು ಬೆರಳು ತೆಗೆದ ಮರುದಿನ ಅದು. ಅವಳು ತಲೆ ಎತ್ತಲಿಲ್ಲ, ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. "ಚೂರ್ಣ ನಿಂದಲ್ಲ, ನೀ ಇಲ್ಲಿ ಕೂತೀ ಅಂತ ಸಿಸ್ಟರ್ ಎಲ್ಲಾ ಹೇಳಿದ್ಲು. ಸೋನಕ್ಕ, ನಿನ್ನ ಗಂಟಲು ಬಿದ್ದದ. ಇವತ್ತು ನಾ ಕೂಗ್ತೀನಿ."

ಮಾಣಿಕಮ್ಮ ಕೂಗಿದ್ದು ಕುರಿ ಹಿಂಡು ತಿರುಗಿಸುವ ಕೂಗು. ಇಡೀ ಬಜಾರ ತಿರುಗಿ ನೋಡಿತು. ಅದಾದ ಮೇಲೆ ಬೇರೆಯವರೂ ಬಂದರು. ತಾಯಿಗೆ ಈ ಚೂರ್ಣ ಕುಡಿಸಿದವನು, ತಾನೇ ಕುಡಿದು ಕಣ್ಣು ಮಂಜಾದವಳು. ಬೇವಿನ ನೆರಳು ಸಾಲದಾಯಿತು. ಫೋನಿನಲ್ಲಿ ಹಿಡಿದ ಆ ಕೂಗು ಊರೂರು ತಿರುಗಿತು. ಕಡೆಗೆ ಬೀದರದಿಂದ ಔಷಧಿ ಇಲಾಖೆಯವರ ಜೀಪು ಬಂತು. ಪೊಟ್ಟಣಗಳನ್ನು ಚೀಲ ತುಂಬಿ ಒಯ್ದು ಅಂಗಡಿಗೆ ಬೀಗ ಹಾಕಿದರು. ಬೋರ್ಡು ಕೆಳಗಿಳಿಸುವಾಗ ಕೆಲಸದವರು ಅದರ ಫ್ಲೆಕ್ಸ್ ಬಟ್ಟೆಯನ್ನು ಮಡಚಿ ಒಯ್ಯಲು ನೋಡಿದರು. ಸೋನುಬಾಯಿ ಬಿಡಲಿಲ್ಲ. ತನ್ನ ಮುಖ ಇದ್ದಷ್ಟು ಭಾಗವನ್ನು ಮಾಣಿಕಮ್ಮನ ಕುಡಗೋಲಿನಿಂದ ಹರಿದು ತಾನೇ ತೆಗೆದುಕೊಂಡಳು. ಅಧಿಕಾರಿ ಸಾಕ್ಷಿಗೆ ಬೇಕು ಅಂದದ್ದಕ್ಕೆ, "ಸಾಕ್ಷಿಗೆ ನಾನೇ ಬರ್ತೀನ್ರಿ, ಕರೀರಿ," ಅಂದಳು.

ಕೇಸು ಇನ್ನೂ ನಡೆದಿದೆ. ದಿಗಂಬರ ಬೇರೆ ಊರಲ್ಲಿ ಬೇರೆ ಹೆಸರಿನ ಅಂಗಡಿ ಹಾಕಿದ್ದಾನೆ ಅನ್ನುವವರಿದ್ದಾರೆ. ಎಲ್ಲಿ ಅಂತ ಗೊತ್ತಾದರೆ ಅಲ್ಲಿಗೂ ಹೋಗುವವಳೇ ಅವಳು.

ಅಂಗಳದ ವಿಷದ ಮಣ್ಣನ್ನು ಗಂಡ ಹೆಂಡತಿ ಸೇರಿ ತೆಗೆದು ದೂರ ಒಯ್ದು ಹುಗಿದರು. ಓಣಿಯ ಹೆಣ್ಣುಮಕ್ಕಳು ತಮ್ಮ ತಮ್ಮ ಮನೆಯ ಗಿಡದಿಂದ ಕಡ್ಡಿ ಮುರಿದು ತಂದರು. ಈ ಸಲ ಅವಳು ಮನೆಯ ಮುಂದಷ್ಟೇ ಹಚ್ಚಲಿಲ್ಲ. ಓಣಿಯ ಬುದ್ಧ ವಿಹಾರದವರೆಗೆ ದಾರಿಯ ಎರಡೂ ಬದಿಗೆ ದಾಸವಾಳ, ನಂದಿಬಟ್ಟಲು ಹಚ್ಚಿದಳು. ಸಕ್ಕರೆ ಕಾಯಿಲೆಗೆ ಎಲೆ ಕೇಳಿಕೊಂಡು ಈಗಲೂ ಮಂದಿ ಬರುತ್ತಾರೆ. "ಸಸಿ ಬೇಕಂದ್ರ ಒಯ್ರಿ, ಮನೀ ಮುಂದ ಹಚ್ರಿ. ತಿನ್ನಾಕ ಬೇಕಂದ್ರ ಒಂದು ಎಲಿನೂ ಕೊಡಂಗಿಲ್ಲ," ಅನ್ನುತ್ತಾಳೆ. ಎಷ್ಟೋ ಮಂದಿ ಮುಖ ಊದಿಸಿಕೊಂಡು ಹೋಗುತ್ತಾರೆ. ಹೋಗಲಿ ಅನ್ನುತ್ತಾಳೆ.

ಹೋದ ದೀಪಾವಳಿಗೆ ಮಾವನ ಮನೆಗೆ ಬಂದ ದೇವಿಂದ್ರಪ್ಪ ಕೋಲೂರಿಕೊಂಡು ಬೌದ್ಧರ ಓಣಿಗೂ ಬಂದ. ಅವನು ಅಲ್ಲಿಗೆ ಬಂದದ್ದು ಅದೇ ಮೊದಲು. ಅಂಗಳದ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ. ಸೋನುಬಾಯಿ ಅವನ ಬರಿಗಾಲು ನೋಡಿದ್ದೇ ಕೂಗಿದಳು.

"ಚಪ್ಪಲಿ ಎಲ್ಲಿ?"

"ಮನೀಗೆ ಬರೂಮುಂದ ಹೊರಗ ಬಿಟ್ಟೀನವ್ವ."

"ದೊಡ್ಡ ಮರ್ಯಾದಿ ಮಾಡಾಕ ಬಂದಾನ! ಹೋಗಿ ಹಾಕೊಂಡ ಬಾ ಮೊದ್ಲು. ಗುಳಿಗಿ ನುಂಗಿದ್ಯೋ ಇಲ್ಲೋ?"

"ನುಂಗೀನಿ," ಅಂದ ಅವನು, ಬೈಸಿಕೊಂಡ ಹುಡುಗನ ಹಾಗೆ. ಹಿಂದೆ ತಿರುಗಿ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದು ಕಟ್ಟೆಯ ಮೇಲೆ ಕೂತ. ಸೋನುಬಾಯಿ ಒಳಗಿಂದ ಸಕ್ಕರೆ ಹಾಕದ ಚಹಾ ತಂದು ಅವನ ಕೈಗೆ ಕೊಟ್ಟಳು. ಅವನು ಮುಖ ಕಿವುಚಿಕೊಂಡು ಪೂರಾ ಕುಡಿದ.